ಡಿಫ್‌ನಲ್ಲಿ ಕಾಣದ್ದನ್ನು ಹುಡುಕುವುದು: ಓಪನ್ ಸೋರ್ಸ್ ಕೋಡ್ ರಿವ್ಯೂ ಮಾಡುವ ಬಗೆ

ನಾನು ನೋಡಿಕೊಳ್ಳುವ ಪುಟ್ಟ ಲೈಬ್ರರಿಯೊಂದಕ್ಕೆ ಒಮ್ಮೆ ಆರು ಸಾಲಿನ ಬದಲಾವಣೆ ಬಂತು. ಏನೂ ಸಿಗದಿದ್ದಾಗ ನಲ್ (‘ಬೆಲೆಯೇ ಇಲ್ಲ’ ಎಂಬ ಗುರುತು) ಕೊಡುತ್ತಿದ್ದ ಫಂಕ್ಷನ್ ಇನ್ನು ಮುಂದೆ ಖಾಲಿ ಪಟ್ಟಿ ಕೊಡಲಿ ಎನ್ನುವುದಷ್ಟೇ ಅದರ ಉದ್ದೇಶ. ಒಳ್ಳೆಯ ಯೋಚನೆಯೇ. ಕೋಡ್ ಸ್ವಚ್ಛವಾಗಿತ್ತು, ಟೆಸ್ಟ್‌ಗಳೆಲ್ಲ ಹಸಿರಾಗಿದ್ದವು. ಐದು ನಿಮಿಷದಲ್ಲಿ ಓದಿ, ‘ಚೆನ್ನಾಗಿದೆ’ ಎಂದು ಬರೆದು ಮರ್ಜ್ ಮಾಡಿದೆ, ಅಂದರೆ ಮೂಲ ಕೋಡಿಗೆ ಸೇರಿಸಿದೆ. ಹೊಸ ಆವೃತ್ತಿ ಹೊರಬಿದ್ದ ಎರಡನೇ ದಿನ ದೂರುಗಳು ಶುರುವಾದವು: ಉಳಿಸಿಟ್ಟ ಮಾಹಿತಿ ತಾನಾಗಿಯೇ ಅಳಿಸಿಹೋಗುತ್ತಿದೆ. ಬೇರೊಂದು ಕಡತದಲ್ಲಿದ್ದ ಕೋಡ್, ನಲ್ ಬಂದರೆ ‘ಇನ್ನೂ ಲೋಡ್ ಆಗಿಲ್ಲ, ಕಾಯಬೇಕು’ ಎಂದೂ ಖಾಲಿ ಪಟ್ಟಿ ಬಂದರೆ ‘ನಿಜಕ್ಕೂ ಏನೂ ಉಳಿದಿಲ್ಲ, ಕ್ಯಾಶೆ (ಉಳಿಸಿಟ್ಟ ಪ್ರತಿ) ಒರೆಸಬೇಕು’ ಎಂದೂ ತಿಳಿದುಕೊಳ್ಳುತ್ತಿತ್ತು.

ಆ ಆರು ಸಾಲುಗಳಲ್ಲಿ ಒಂದು ತಪ್ಪೂ ಇರಲಿಲ್ಲ. ತಪ್ಪು ಇದ್ದದ್ದು ನಾನು ತೆರೆದೇ ನೋಡದ ಕಡತದಲ್ಲಿ. ಹಳೆಯ ಕೋಡಿಗೂ ಹೊಸದಕ್ಕೂ ಇರುವ ವ್ಯತ್ಯಾಸ ತೋರಿಸುವ ಡಿಫ್ ಎಂಬುದು ಕಿಟಕಿಯ ಹಾಗೆ. ಬದಲಾದ ಸಾಲು, ಅದರ ಮೇಲೆ ಕೆಳಗೆ ಮೂರು ಮೂರು ಸಾಲು, ಅಷ್ಟನ್ನೇ ತೋರಿಸುತ್ತದೆ. ಕಿಟಕಿಯಾಚೆ ಏನಿದೆ ಎಂದು ಎದ್ದು ಹೋಗಿ ನೋಡುವುದೇ ರಿವ್ಯೂ ಮಾಡುವವರ ಕೆಲಸ. ಅಂದಿನಿಂದ ನಾನು ಯಾವ ಕ್ರಮದಲ್ಲಿ ಓದುತ್ತಿದ್ದೇನೋ ಅದನ್ನೇ ಇಲ್ಲಿ ಬರೆದಿದ್ದೇನೆ. ನೀವು ಯೋಜನೆಯ ಮೇಂಟೇನರ್, ಅಂದರೆ ಅದನ್ನು ನೋಡಿಕೊಳ್ಳುವವರು, ಆಗಿರಬೇಕಿಲ್ಲ. ಬಹುತೇಕ ಓಪನ್ ಸೋರ್ಸ್ ಯೋಜನೆಗಳಲ್ಲಿ ಯಾರು ಬೇಕಾದರೂ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿ ಎಂಬ ಕೋರಿಕೆ) ಓದಿ ಅಭಿಪ್ರಾಯ ಬರೆಯಬಹುದು. ಹೊಸ ಕೋಡ್ ಬರೆಯುವ ಕೈಗಳಿಗಿಂತ ಅದನ್ನು ಓದುವ ಕಣ್ಣುಗಳಿಗೇ ಇಲ್ಲಿ ಹೆಚ್ಚು ಬರ.

ಹಂತ 1: ಕೋಡ್ ತೆರೆಯುವ ಮೊದಲು

ಮೊದಲು ವಿವರಣೆ ಓದಿ, ಆಮೇಲೆ ಅದು ಯಾವ ಇಷ್ಯೂಗೆ (ದಾಖಲಾದ ದೂರು ಇಲ್ಲವೇ ಬೇಡಿಕೆಗೆ) ಉತ್ತರವೋ ಆ ಇಷ್ಯೂವನ್ನು ಪೂರ್ತಿ ಓದಿ. ಕೊನೆಯ ಟಿಪ್ಪಣಿಯವರೆಗೂ ಓದಬೇಕು. ‘ಇದನ್ನು ಹೀಗೆ ಸರಿಮಾಡುವುದು ಬೇಡ’ ಎಂದು ಮೇಂಟೇನರ್ ಎರಡು ವರ್ಷದ ಹಿಂದೆಯೇ ಬರೆದಿಟ್ಟ ಮಾತು ಎಷ್ಟೋ ಸಲ ಅಲ್ಲೇ ಕೆಳಗೆ ಇರುತ್ತದೆ. ನಂತರ ನಿಮಗೆ ನೀವೇ ಒಂದು ವಾಕ್ಯದಲ್ಲಿ ಹೇಳಿಕೊಳ್ಳಿ: ಈ ಬದಲಾವಣೆ ಯಾವ ತೊಂದರೆಯನ್ನು ತೀರಿಸಲು ಬಂದಿದೆ? ಹೇಳಲು ಆಗದಿದ್ದರೆ ಮುಂದೆ ಹೋಗಬೇಡಿ, ಬರೆದವರನ್ನೇ ಕೇಳಿ. ಉದ್ದೇಶ ಗೊತ್ತಿಲ್ಲದೆ ಓದಿದ ಕೋಡ್ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಈ ಬದಲಾವಣೆ ಯೋಜನೆಗೆ ಬೇಕೇ ಎಂಬ ಪ್ರಶ್ನೆಯನ್ನು ಇಲ್ಲಿಯೇ ಕೇಳಿಬಿಡಿ. ನಲವತ್ತು ಟಿಪ್ಪಣಿ ಬರೆದು, ಮೂರು ಸುತ್ತು ತಿದ್ದಿಸಿ, ಕೊನೆಗೆ ‘ಈ ಸೌಲಭ್ಯ ನಮಗೆ ಬೇಡ’ ಎನ್ನುವುದು ಬರೆದವರಿಗೆ ಮಾಡುವ ಅನ್ಯಾಯ. ನಿಮಗೆ ನಿರ್ಧರಿಸುವ ಅಧಿಕಾರ ಇಲ್ಲದಿದ್ದರೆ, ಇರುವವರ ಗಮನ ಅದರತ್ತ ಸೆಳೆಯಿರಿ.

ಗಾತ್ರ ನೋಡಿ. ಇನ್ನೂರು ಮುನ್ನೂರು ಸಾಲಿನವರೆಗೆ ನನ್ನ ಗಮನ ನಿಲ್ಲುತ್ತದೆ. ಅದು ದಾಟಿದರೆ ಕಣ್ಣು ಓಡುತ್ತಿರುತ್ತದೆ, ಮನಸ್ಸು ಓದುತ್ತಿರುವುದಿಲ್ಲ. ಎರಡು ಸಾವಿರ ಸಾಲಿನ ಬದಲಾವಣೆ ಬಂದರೆ, ಒಡೆದು ಕೊಡಲು ಆಗುತ್ತದೆಯೇ ಎಂದು ಕೇಳಲು ಹಿಂಜರಿಯಬೇಡಿ. ಎಲ್ಲಿ ಒಡೆಯಬಹುದು, ಯಾವುದು ಯಾವ ಕಮಿಟ್ (ಒಟ್ಟಿಗೆ ದಾಖಲಿಸಿದ ಬದಲಾವಣೆ) ಆಗಬೇಕು ಎಂದೂ ಸೂಚಿಸಿ: ‘ಹೆಸರು ಬದಲಾಯಿಸಿದ್ದು ಒಂದು ಕಮಿಟ್, ಕಡತ ಸ್ಥಳಾಂತರಿಸಿದ್ದು ಇನ್ನೊಂದು, ಹೊಸ ವರ್ತನೆ ಮೂರನೆಯದು.’ ಮೊದಲ ಎರಡನ್ನು ಹತ್ತು ನಿಮಿಷದಲ್ಲಿ ಓದಿ ಮುಗಿಸಬಹುದು. ಸಮಯವೆಲ್ಲ ಮೂರನೆಯದಕ್ಕೆ ಸಿಗುತ್ತದೆ.

ಹಂತ 2: ನಿಮ್ಮ ಯಂತ್ರಕ್ಕೆ ಇಳಿಸಿ, ಆದರೆ ತಕ್ಷಣ ಓಡಿಸಬೇಡಿ

ಬ್ರೌಸರ್‌ನಲ್ಲಿ ಓದಿದರೆ ಆ ಕಿಟಕಿಯಿಂದ ಹೊರಗೆ ಬರುವುದು ಕಷ್ಟ. ಬ್ರಾಂಚನ್ನು (ಆ ಬದಲಾವಣೆ ಇರುವ ಕೋಡಿನ ಕವಲನ್ನು) ಫೆಚ್ ಮಾಡಿ, ಚೆಕೌಟ್ ಮಾಡಿ, ನೀವು ದಿನವೂ ಬಳಸುವ ಎಡಿಟರ್‌ನಲ್ಲಿ ತೆರೆಯಿರಿ. ಒಂದು ಫಂಕ್ಷನ್ನಿನ ಮೇಲೆ ಕ್ಲಿಕ್ ಮಾಡಿದರೆ ಅದನ್ನು ಯಾರು ಯಾರು ಕರೆಯುತ್ತಾರೆ ಎಂದು ತೋರಿಸುವ ಸೌಲಭ್ಯ ರಿವ್ಯೂನಲ್ಲಿ ಚಿನ್ನದಂಥದ್ದು. ನನ್ನ ಆ ಆರು ಸಾಲಿನ ಕಥೆಯಲ್ಲಿ ಆ ಒಂದು ಕ್ಲಿಕ್ ಮಾಡಿದ್ದರೆ ಸಾಕಾಗಿತ್ತು.

ಒಂದು ಎಚ್ಚರಿಕೆ. ಅಪರಿಚಿತರ ಕೋಡನ್ನು ಬಿಲ್ಡ್ ಮಾಡುವುದೆಂದರೆ (ಓಡುವ ರೂಪಕ್ಕೆ ತರುವುದೆಂದರೆ) ಅವರ ಕೋಡನ್ನು ನಿಮ್ಮ ಯಂತ್ರದಲ್ಲಿ ಓಡಿಸುವುದು ಎಂದೇ ಅರ್ಥ. ಬಿಲ್ಡ್ ಸ್ಕ್ರಿಪ್ಟ್, ಪ್ಯಾಕೇಜ್ ಇನ್‌ಸ್ಟಾಲ್ ಆಗುವಾಗ ತಾನಾಗಿ ಓಡುವ ಹುಕ್, ಟೆಸ್ಟ್ ಕಡತ, ಎಲ್ಲವೂ ನಿಮ್ಮ ಹೋಮ್ ಫೋಲ್ಡರ್‌ನಲ್ಲಿರುವ ರಹಸ್ಯ ಕೀಲಿಗಳನ್ನು ಓದಬಲ್ಲವು. ಹಾಗಾಗಿ ಮೊದಲು ಬಿಲ್ಡ್‌ಗೂ ಸಿಐಗೂ (ತಾನಾಗಿ ಬಿಲ್ಡ್ ಮಾಡಿ ಟೆಸ್ಟ್ ಓಡಿಸುವ ವ್ಯವಸ್ಥೆಗೂ) ಸಂಬಂಧಿಸಿದ ಕಡತಗಳಲ್ಲಿ ಏನು ಬದಲಾಗಿದೆ ನೋಡಿ, ಆಮೇಲೆ ನಿಮ್ಮ ಕಡತಗಳಿಂದ ಬೇರ್ಪಟ್ಟ ಕಂಟೇನರ್‌ನಲ್ಲೋ ವರ್ಚುವಲ್ ಮಷೀನಿನಲ್ಲೋ ಓಡಿಸಿ. ಮೊದಲ ಸಲ ಕೊಡುಗೆ ನೀಡುವವರ ಬದಲಾವಣೆಗೆ ಮೇಂಟೇನರ್ ಒಪ್ಪಿಗೆ ಕೊಡುವವರೆಗೆ ಕೋಡ್ ಹಂಚಿಕೆಯ ತಾಣ ಗಿಟ್‌ಹಬ್ ಸಿಐಯನ್ನು ತಡೆಹಿಡಿಯುವುದೂ ಇಂಥದ್ದೇ ಕಾರಣಕ್ಕೆ.

ಹಂತ 3: ಟೆಸ್ಟ್‌ನಿಂದ ಓದಲು ಶುರು ಮಾಡಿ

ರಿವ್ಯೂ ಪುಟ ಕಡತಗಳನ್ನು ಅಕಾರಾದಿಯಲ್ಲಿ ಜೋಡಿಸಿರುತ್ತದೆ. ಆ ಕ್ರಮಕ್ಕೂ ಬದಲಾವಣೆಯ ತರ್ಕಕ್ಕೂ ಯಾವ ಸಂಬಂಧವೂ ಇಲ್ಲ. ನಾನು ಮೊದಲು ಟೆಸ್ಟ್ ಓದುತ್ತೇನೆ. ಬರೆದವರು ಏನನ್ನು ನಿರೀಕ್ಷಿಸಿದ್ದಾರೆ ಎನ್ನುವುದು ಅಲ್ಲಿ ಅತ್ಯಂತ ಸ್ಪಷ್ಟವಾಗಿ ಇರುತ್ತದೆ, ಏನನ್ನು ಯೋಚಿಸಿಲ್ಲ ಎನ್ನುವುದೂ ಅಲ್ಲಿಯೇ ಕಾಣುತ್ತದೆ. ಆಮೇಲೆ ಬದಲಾವಣೆಯ ಹೃದಯದಂತಿರುವ ಒಂದೆರಡು ಕಡತ. ಉಳಿದದ್ದೆಲ್ಲ ಕೊನೆಗೆ.

ಟೆಸ್ಟ್ ಇದೆ, ಪಾಸೂ ಆಗುತ್ತದೆ. ಅಷ್ಟಕ್ಕೇ ನಂಬಬೇಡಿ. ಒಂದು ಸಣ್ಣ ಪ್ರಯೋಗ ಮಾಡಿ: ಕೋಡ್ ಬದಲಾವಣೆಯನ್ನು ಮಾತ್ರ ಹಿಂದಕ್ಕೆ ತೆಗೆದು, ಹೊಸ ಟೆಸ್ಟನ್ನು ಹಳೆಯ ಕೋಡಿನ ಮೇಲೆ ಓಡಿಸಿ. ಅದು ಫೇಲ್ ಆಗಲೇಬೇಕು. ಆಗದಿದ್ದರೆ ಆ ಟೆಸ್ಟ್ ಏನನ್ನೂ ಪರೀಕ್ಷಿಸುತ್ತಿಲ್ಲ. ಎರಡು ನಿಮಿಷದ ಕೆಲಸ. ಇದನ್ನು ಮಾಡಿದಾಗಲೆಲ್ಲ ಏನಾದರೊಂದು ಸಿಕ್ಕೇ ಸಿಗುತ್ತದೆ ಎಂದೇನಿಲ್ಲ, ಆದರೆ ಸಿಕ್ಕಾಗ ಅದು ದೊಡ್ಡದೇ ಆಗಿರುತ್ತದೆ.

ಇಂಡೆಂಟ್ ಬದಲಾವಣೆಯೇ ತುಂಬಿಕೊಂಡಿದ್ದರೆ ಖಾಲಿ ಜಾಗವನ್ನು ಕಡೆಗಣಿಸಿ ಡಿಫ್ ನೋಡಿ. ನೂರು ಸಾಲು ನಾಲ್ಕಕ್ಕೆ ಇಳಿಯಬಹುದು. ಕೋಡನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಸಿದ್ದರೆ, ಸರಿದ ಸಾಲುಗಳಿಗೆ ಬೇರೆ ಬಣ್ಣ ಕೊಡುವ ಆಯ್ಕೆ, ಕೋಡಿನ ಇತಿಹಾಸ ಇಡುವ ಗಿಟ್‌ನಲ್ಲೇ ಇದೆ. ಸರಿಸುವಾಗ ನಡುವೆ ಒಂದು ಸಾಲು ಬದಲಾಗಿದ್ದರೆ ಆ ಬಣ್ಣದಲ್ಲಿ ಅದೊಂದೇ ಎದ್ದು ಕಾಣುತ್ತದೆ.

ಹಂತ 4: ಇಲ್ಲದ ಸಾಲನ್ನು ಹುಡುಕಿ

ರಿವ್ಯೂನ ಜೀವಾಳ ಇದು. ಇಲ್ಲಿಗೆ ಅರ್ಧಕ್ಕಿಂತ ಹೆಚ್ಚು ಸಮಯ ಎತ್ತಿಡಿ.

ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷವನ್ನು ನೆನಪಿಸಿಕೊಳ್ಳಿ. ಇಂಟರ್ನೆಟ್ಟಿನ ಎಷ್ಟೋ ಸರ್ವರ್‌ಗಳು ಸಂಪರ್ಕದ ಗುಪ್ತತೆಗೆ ನೆಚ್ಚಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಗೆ 2011ರ ಡಿಸೆಂಬರ್ 31ರಂದು ಒಂದು ಬದಲಾವಣೆ ಸೇರಿತು. ಸಂಪರ್ಕ ಇನ್ನೂ ಜೀವಂತವಾಗಿದೆಯೇ ಎಂದು ತಿಳಿಯಲು ಒಂದು ಕಡೆಯವರು ಚಿಕ್ಕ ಸಂದೇಶ ಕಳಿಸುತ್ತಾರೆ, ಇನ್ನೊಂದು ಕಡೆಯವರು ಅದನ್ನೇ ಹಿಂತಿರುಗಿಸುತ್ತಾರೆ. ‘ನನ್ನ ಸಂದೇಶ ಇಷ್ಟು ಉದ್ದ’ ಎಂದು ಕಳಿಸುವವರೇ ಹೇಳುತ್ತಾರೆ. ಹೇಳಿದ ಉದ್ದವನ್ನು ನಿಜವಾಗಿ ಬಂದ ಉದ್ದದೊಂದಿಗೆ ಹೋಲಿಸುವ ಸಾಲು ಆ ಕೋಡಿನಲ್ಲಿ ಇರಲಿಲ್ಲ. ನಾಲ್ಕೇ ಬೈಟ್ ಕಳಿಸಿ ಅರುವತ್ತು ಸಾವಿರ ಎಂದರೆ, ಸರ್ವರ್ ತನ್ನ ಮೆಮೊರಿಯಲ್ಲಿ ಅಕ್ಕಪಕ್ಕ ಏನಿತ್ತೋ ಅದನ್ನೆಲ್ಲ ಸೇರಿಸಿ, ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ಕಳಿಸಿಬಿಡುತ್ತಿತ್ತು. ಸೇರಿಸುವ ಮೊದಲು ಆ ಕೋಡನ್ನು ತಂಡದ ಅನುಭವಿಯೊಬ್ಬರು ರಿವ್ಯೂ ಮಾಡಿದ್ದರು. 2012ರ ಮಾರ್ಚ್‌ನಲ್ಲಿ ಅದು 1.0.1 ಆವೃತ್ತಿಯಾಗಿ ಹೊರಬಂತು, 2014ರ ಏಪ್ರಿಲ್ 7ರಂದು ಜಗತ್ತಿಗೆ ತಿಳಿಯಿತು. ಡಿಫ್‌ನಲ್ಲಿದ್ದ ಪ್ರತಿ ಸಾಲನ್ನೂ ನೀವು ಮೂರು ಸಲ ಓದಿದರೂ ಇಲ್ಲದ ಸಾಲು ಕಣ್ಣಿಗೆ ಬೀಳುವುದಿಲ್ಲ. ಅದನ್ನು ಕೇಳಿಯೇ ಪಡೆಯಬೇಕು: ಈ ಸಂಖ್ಯೆ ಎಲ್ಲಿಂದ ಬಂತು? ಹೊರಗಿನವರು ಕೊಟ್ಟದ್ದಾದರೆ, ಅದನ್ನು ಯಾರು ತಾಳೆ ನೋಡಿದರು?

ಅಳಿಸಿದ ಸಾಲಿನ ಕಥೆ ಇನ್ನೂ ಬೇರೆ. 2006ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯ ತಂಡದ ಕಡೆಯಿಂದ ಇದೇ ಲೈಬ್ರರಿಯ 2 ಸಾಲುಗಳನ್ನು ಕಾಮೆಂಟ್ ಮಾಡಿ ಮುಚ್ಚಲಾಯಿತು. ಆರಂಭಿಸದ ಮೆಮೊರಿಯನ್ನು ಓದಲಾಗುತ್ತಿದೆ ಎಂದು ಪರೀಕ್ಷಾ ಉಪಕರಣ ಎಚ್ಚರಿಸುತ್ತಿತ್ತು, ಅದಕ್ಕೆ ಪರಿಹಾರ ಅದು. ಎಚ್ಚರಿಕೆ ನಿಂತಿತು. ಆದರೆ ಯಾದೃಚ್ಛಿಕ ಸಂಖ್ಯೆಗಳಿಗೆ ಬೇಕಾದ ಅನಿಶ್ಚಿತತೆ ಆ ಸಾಲುಗಳ ಮೂಲಕವೇ ಒಳಗೆ ಬರುತ್ತಿತ್ತು. ಉಳಿದದ್ದು ಪ್ರೊಸೆಸ್ ಸಂಖ್ಯೆ ಮಾತ್ರ, ಅದು ಹೆಚ್ಚೆಂದರೆ 32,768 ಬಗೆ. 2008ರ ಮೇ 13ರಂದು ಇದು ಪ್ರಕಟವಾಗುವವರೆಗೆ ಆ ಯಂತ್ರಗಳಲ್ಲಿ ಹುಟ್ಟಿದ ಕೀಲಿಗಳನ್ನು ಊಹಿಸಬಹುದಾಗಿತ್ತು. ಅಳಿಸಿದ್ದನ್ನು ತೋರಿಸುವ ಕೆಂಪು ಬಣ್ಣದ ಸಾಲು ಕಂಡಾಗ ‘ಹೋದರೆ ಹೋಯಿತು’ ಎಂದು ದಾಟಬೇಡಿ. ಗಿಟ್ ಬ್ಲೇಮ್ ಓಡಿಸಿ, ಆ ಸಾಲು ಯಾವ ಕಮಿಟ್‌ನಲ್ಲಿ, ಯಾವ ಕಾರಣಕ್ಕೆ ಬಂದಿತ್ತು ನೋಡಿ. ಯಾರೋ ಒಬ್ಬರು ಅದನ್ನು ಒಂದು ರಾತ್ರಿ ಕೂತು, ಯಾವುದೋ ಬಗ್ ಬೆನ್ನಟ್ಟಿ ಬರೆದಿರುತ್ತಾರೆ.

ಇಲ್ಲದ ಒಂದೇ ಚಿಹ್ನೆಯೂ ಸಾಕು. 2003ರ ನವೆಂಬರ್‌ನಲ್ಲಿ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಕೋಡಿನ ಒಂದು ನಕಲು ಸಂಗ್ರಹದಲ್ಲಿ ಯಾರೋ ಎರಡು ಸಾಲು ತೂರಿಸಿದ್ದರು. ಬಳಕೆದಾರರ ಸಂಖ್ಯೆ ಸೊನ್ನೆಯೇ ಎಂದು ಪರೀಕ್ಷಿಸುವಂತೆ ಕಾಣುವ ಷರತ್ತು; ಆದರೆ == ಇರಬೇಕಾದ ಕಡೆ ಒಂದೇ = ಇತ್ತು. ಪರೀಕ್ಷೆಯಂತೆ ಕಂಡದ್ದು ನಿಜಕ್ಕೂ ಸೊನ್ನೆಯನ್ನು ತುಂಬುವ ಆಜ್ಞೆ, ಅಂದರೆ ಕರೆದವರಿಗೆ ರೂಟ್ ಅಧಿಕಾರ, ಯಂತ್ರದ ಮೇಲೆ ಪೂರ್ಣ ಹಿಡಿತ. ಆ ಸಂಗ್ರಹ ಮೂಲದೊಂದಿಗೆ ತಾಳೆಯಾಗದೆ ಇದ್ದದ್ದರಿಂದ ಅದು ಬೇಗ ಸಿಕ್ಕಿಬಿತ್ತು.

ನಾನು ಪ್ರತಿ ಬದಲಾವಣೆಗೂ ಕೇಳುವ ಪ್ರಶ್ನೆಗಳು ಇವು. ಈ ಫಂಕ್ಷನ್ನನ್ನು ಬೇರೆ ಯಾರು ಕರೆಯುತ್ತಾರೆ, ಅವರು ಏನನ್ನು ನಂಬಿಕೊಂಡಿದ್ದಾರೆ? ನಡುವೆ ಎರರ್ ಬಂದು ಹೊರಬಿದ್ದರೆ ತೆರೆದ ಕಡತ ಮುಚ್ಚುತ್ತದೆಯೇ, ಹಿಡಿದ ಲಾಕ್ ಬಿಡುತ್ತದೆಯೇ? ಎರಡು ಥ್ರೆಡ್ ಒಟ್ಟಿಗೆ ಇಲ್ಲಿಗೆ ಬಂದರೆ? ಪಟ್ಟಿ ಖಾಲಿ ಇದ್ದರೆ, ಒಂದೇ ಇದ್ದರೆ, ಹತ್ತು ಲಕ್ಷ ಇದ್ದರೆ? ಹಳೆಯ ಆವೃತ್ತಿಯಲ್ಲಿ ಉಳಿಸಿದ ಕಡತವನ್ನು ಹೊಸ ಕೋಡ್ ತೆರೆಯಬಲ್ಲದೇ? ಇದೇ ತಪ್ಪು ಇದೇ ರೂಪದಲ್ಲಿ ಬೇರೆ ಕಡೆಯೂ ಇದ್ದು, ಇಲ್ಲಿ ಒಂದೇ ಕಡೆ ಸರಿಮಾಡಿದ್ದಾರೆಯೇ? ಕೊನೆಯ ಪ್ರಶ್ನೆಗೆ ಉತ್ತರ ಹೌದು ಎಂದೇ ಬರುವುದು ಹೆಚ್ಚು. ಬಗ್‌ಗಳು ಒಂಟಿಯಾಗಿ ಬದುಕುವುದು ಕಡಿಮೆ.

ಒಂದು ಪ್ಯಾಚನ್ನು ಹತ್ತಿರದಿಂದ ನೋಡೋಣ

ಬಳಕೆದಾರರ ಹೆಸರು ತುಂಬಾ ಉದ್ದವಾದರೆ ಪಟ್ಟಿಯ ಪುಟದ ವಿನ್ಯಾಸ ಚೆದುರುತ್ತದೆ ಎಂದು ಒಂದು ಇಷ್ಯೂ. ಅದಕ್ಕೊಂದು ಪ್ಯಾಚ್: ಹೆಸರು 20ಕ್ಕಿಂತ ಉದ್ದವಿದ್ದರೆ ಮೊದಲ 20 ಮಾತ್ರ ಇಟ್ಟುಕೊಂಡು ಮುಂದೆ ಮೂರು ಚುಕ್ಕಿ ಹಾಕು. ನಾಲ್ಕು ಸಾಲು, ಒಂದು ಟೆಸ್ಟ್. ಮೊದಲ ಸಲ ಕೊಡುಗೆ ಕೊಡುತ್ತಿರುವ ವಿದ್ಯಾರ್ಥಿಯದು.

ಟೆಸ್ಟ್ ಓದಿದೆ. ಒಂದೇ ಇಂಗ್ಲಿಷ್ ಅಕ್ಷರವನ್ನು 30 ಸಲ ಬರೆದ ಹೆಸರು. ಕತ್ತರಿಸಿದರೆ 20 ಉಳಿಯಬೇಕು. ಹಳೆಯ ಕೋಡಿನ ಮೇಲೆ ಓಡಿಸಿದಾಗ ಫೇಲ್ ಆಯಿತು, ಹೊಸದರ ಮೇಲೆ ಪಾಸಾಯಿತು. ಸರಿ. ಸರಿಯಾಗಿ 20 ಅಕ್ಷರದ ಹೆಸರಿಗೆ ಚುಕ್ಕಿ ಬರುತ್ತದೆಯೇ ನೋಡಿದೆ, ಬರಲಿಲ್ಲ. ಅದೂ ಸರಿ. ಖಾಲಿ ಹೆಸರಿಗೂ ಏನೂ ಆಗಲಿಲ್ಲ.

ಆಮೇಲೆ ಕನ್ನಡ ಹೆಸರು ಹಾಕಿದೆ. ‘ರವಿ’ ನಮ್ಮ ಕಣ್ಣಿಗೆ ಎರಡು ಅಕ್ಷರ. ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಅದು 3 ಕೋಡ್‌ಪಾಯಿಂಟ್: ‘ರ’, ‘ವ’, ಮತ್ತು ಗುಡಿಸು. ಅದನ್ನು ಉಳಿಸಿಡುವ ಯುಟಿಎಫ್-8 ರೂಪದಲ್ಲಿ 9 ಬೈಟ್. ‘20’ ಎಂದರೆ ಇವುಗಳಲ್ಲಿ ಯಾವುದರ ಇಪ್ಪತ್ತು? ಈ ಪ್ಯಾಚ್ ಬರೆದಿದ್ದ ಭಾಷೆಯಲ್ಲಿ ಕೋಡ್‌ಪಾಯಿಂಟ್ ಲೆಕ್ಕ. ಕತ್ತರಿ ‘ವ’ಕ್ಕೂ ಗುಡಿಸಿಗೂ ನಡುವೆ ಬಿದ್ದರೆ ‘ರವಿ’ ಹೋಗಿ ‘ರವ’ ಆಗುತ್ತದೆ. ಪ್ರೋಗ್ರಾಂ ಬೀಳುವುದಿಲ್ಲ, ಎರರ್ ಬರುವುದಿಲ್ಲ. ಪರದೆಯ ಮೇಲೆ ಬೇರೊಂದು ಹೆಸರು ನಿಂತಿರುತ್ತದೆ. ಬೈಟ್ ಲೆಕ್ಕದಲ್ಲಿ ಕತ್ತರಿಸುವ ಭಾಷೆಯಾಗಿದ್ದರೆ ಇನ್ನೂ ಕೆಡುಕು. ಕನ್ನಡದ ಪ್ರತಿ ಕೋಡ್‌ಪಾಯಿಂಟಿಗೂ 3 ಬೈಟ್, 20ನ್ನು ಮೂರರಿಂದ ಭಾಗಿಸಲು ಬಾರದು. ಆರು ಕೋಡ್‌ಪಾಯಿಂಟ್ ಆದ ಮೇಲೆ ಏಳನೆಯದರ ಎರಡು ಬೈಟ್ ಮುರಿದು ಉಳಿಯುತ್ತವೆ, ಪರದೆಯಲ್ಲಿ ಪ್ರಶ್ನಾರ್ಥಕದ ಚೌಕ ಮೂಡುತ್ತದೆ.

ಕಿಟಕಿಯಾಚೆಯ ಪ್ರಶ್ನೆ ಇನ್ನೂ ಬಾಕಿ ಇತ್ತು: ಈ ಫಂಕ್ಷನ್ನನ್ನು ಬೇರೆ ಯಾರು ಕರೆಯುತ್ತಾರೆ? ಹುಡುಕಿದೆ. ಪಟ್ಟಿಯ ಪುಟದ ಜೊತೆಗೆ, ಮಾಹಿತಿಯನ್ನು ಕಡತಕ್ಕೆ ಇಳಿಸಿಕೊಳ್ಳುವ (ಎಕ್ಸ್‌ಪೋರ್ಟ್) ಭಾಗವೂ ಇದನ್ನೇ ಕರೆಯುತ್ತಿತ್ತು. ಅಲ್ಲಿ ಕತ್ತರಿಸಿದರೆ ಅದು ವಿನ್ಯಾಸದ ಪ್ರಶ್ನೆ ಆಗಿ ಉಳಿಯುವುದಿಲ್ಲ, ಮಾಹಿತಿಯೇ ನಷ್ಟ. ಇದು ಮರ್ಜ್‌ಗೆ ಮೊದಲು ಸರಿಯಾಗಲೇಬೇಕಾದ ಸಂಗತಿ.

ಹಂತ 5: ಯಾರೂ ತೆರೆಯದ ಕಡತಗಳು

ಡಿಫ್‌ನಲ್ಲಿ ಕೆಲವು ಕಡತಗಳು ಮಡಚಿಕೊಂಡೇ ಇರುತ್ತವೆ: ಬೈನರಿ (ಮನುಷ್ಯರು ಓದಲಾಗದ ಕಡತ), ಲಾಕ್ ಫೈಲ್ (ಬಳಸುವ ಪ್ಯಾಕೇಜ್‌ಗಳ ನಿಖರ ಪಟ್ಟಿ), ಯಂತ್ರವೇ ಬರೆದ ಕೋಡ್. ‘ಇದೇನು ನೋಡುವುದು’ ಎಂದು ಎಲ್ಲರೂ ದಾಟುತ್ತಾರೆ. 2024ರ ಮಾರ್ಚ್ 29ರಂದು ಹೊರಬಿದ್ದ ಎಕ್ಸ್‌ಝಡ್ ಯುಟಿಲ್ಸ್ ಎಂಬ ಕಡತ ಕುಗ್ಗಿಸುವ ಉಪಕರಣದ ಪ್ರಕರಣದಲ್ಲಿ ಹಿಂಬಾಗಿಲನ್ನು ಬಚ್ಚಿಟ್ಟಿದ್ದು ಅಂಥ ಜಾಗದಲ್ಲೇ. ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ, ಮೇಂಟೇನರ್ ಅಧಿಕಾರವನ್ನೂ ಪಡೆದ ಖಾತೆಯೊಂದು ಟೆಸ್ಟ್‌ಗೆಂದು ಸೇರಿಸಿದ ಬೈನರಿ ಕಡತಗಳಲ್ಲಿ ಕೇಡಿನ ಕೋಡನ್ನು ಅಡಗಿಸಿತ್ತು. ಅದನ್ನು ಎಬ್ಬಿಸುವ ಸ್ಕ್ರಿಪ್ಟ್ ಗಿಟ್ ಸಂಗ್ರಹದಲ್ಲಿ ಇರಲೇ ಇಲ್ಲ, ಬಿಡುಗಡೆಗೆಂದು ಕಟ್ಟಿದ ಟಾರ್‌ಬಾಲ್ ಕಡತದಲ್ಲಿ ಮಾತ್ರ ಇತ್ತು. 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅದು ಹೊರಬಂದಾಗಿತ್ತು. ಪತ್ತೆ ಮಾಡಿದವರು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್. ದೂರದ ಯಂತ್ರಕ್ಕೆ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದನ್ನು ಅವರು ಬಿಡದೆ ಬೆನ್ನಟ್ಟಿದರು.

ಅದೇ ಪ್ರಕರಣದ ಇನ್ನೊಂದು ವಿವರ ನನ್ನನ್ನು ಇವತ್ತಿಗೂ ಕಾಡುತ್ತದೆ. ಲ್ಯಾಂಡ್‌ಲಾಕ್ ಎಂಬ ಭದ್ರತಾ ಸೌಲಭ್ಯ ಯಂತ್ರದಲ್ಲಿದೆಯೇ ಎಂದು ಬಿಲ್ಡ್ ಸ್ಕ್ರಿಪ್ಟ್ ಒಂದು ಪುಟ್ಟ ಪ್ರೋಗ್ರಾಂ ಕಂಪೈಲ್ ಮಾಡಿ ನೋಡುತ್ತಿತ್ತು. ಆ ಪ್ರೋಗ್ರಾಂನೊಳಗೆ ಒಂಟಿ ಚುಕ್ಕಿಯೊಂದನ್ನು ಇಡಲಾಗಿತ್ತು. ಚುಕ್ಕಿಯಿಂದಾಗಿ ಕಂಪೈಲ್ ಎಂದಿಗೂ ಆಗದು, ‘ಸೌಲಭ್ಯ ಇಲ್ಲ’ ಎಂದೇ ಉತ್ತರ, ಭದ್ರತೆ ಸದ್ದಿಲ್ಲದೆ ಬಂದ್. ಪರದೆಯ ಮೇಲಿನ ಧೂಳಿನ ಕಣದಷ್ಟು ಒಂದು ಚುಕ್ಕಿ.

ಆದ್ದರಿಂದ ಬೈನರಿ ಬಂದರೆ ಅದು ಹೇಗೆ ತಯಾರಾಯಿತು ಎಂದು ಕೇಳಿ, ತಯಾರಿಸುವ ಸ್ಕ್ರಿಪ್ಟನ್ನೇ ಸೇರಿಸಲು ಹೇಳಿ. ಲಾಕ್ ಫೈಲ್ ಬದಲಾಗಿದ್ದರೆ ಯಾವ ಹೊಸ ಪ್ಯಾಕೇಜ್ ಒಳಗೆ ಬಂತು, ಅದರ ಹೆಸರಿನ ಕಾಗುಣಿತ ಸರಿಯಿದೆಯೇ, ಅದರ ಲೈಸೆನ್ಸ್ ನಿಮ್ಮ ಯೋಜನೆಯದಕ್ಕೆ ಹೊಂದುತ್ತದೆಯೇ ನೋಡಿ. ಬೇರೆ ಯೋಜನೆಯಿಂದ ನಕಲು ಮಾಡಿದ ಕೋಡ್ ಅನಿಸಿದರೆ ನೇರವಾಗಿ ಕೇಳಿಬಿಡಿ. ಜಿಪಿಎಲ್ ಎಂಬ ಲೈಸೆನ್ಸಿನ ಕೋಡನ್ನು ತಂದು ಎಂಐಟಿ ಲೈಸೆನ್ಸಿನ ಯೋಜನೆಗೆ ಸುಮ್ಮನೆ ಅಂಟಿಸುವಂತಿಲ್ಲ. ಕಣ್ಣಿಗೆ ಕಾಣದ ಯೂನಿಕೋಡ್ ಚಿಹ್ನೆಗಳ ಬಗ್ಗೆಯೂ ಎಚ್ಚರ ಇರಲಿ. ಅಕ್ಷರಗಳ ದಿಕ್ಕು ತಿರುಗಿಸುವ ಚಿಹ್ನೆಗಳಿಂದ, ಓದುವವರಿಗೆ ಒಂದು ಕ್ರಮದಲ್ಲೂ ಕಂಪೈಲರ್‌ಗೆ ಇನ್ನೊಂದು ಕ್ರಮದಲ್ಲೂ ಕೋಡ್ ತೋರಿಸಬಹುದು ಎಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ತೋರಿಸಿಕೊಟ್ಟರು. ಈಗ ಹಲವು ಎಡಿಟರ್‌ಗಳೂ ಗಿಟ್‌ಹಬ್ಬೂ ಇದಕ್ಕೆ ಎಚ್ಚರಿಕೆ ತೋರಿಸುತ್ತವೆ.

ಹಂತ 6: ಟಿಪ್ಪಣಿ ಬರೆಯುವುದು

ನೀವು ಬರೆದ ಟಿಪ್ಪಣಿಯನ್ನು ಓದುವವರು ನಿಮ್ಮ ಮುಖ ನೋಡುತ್ತಿರುವುದಿಲ್ಲ, ಧ್ವನಿ ಕೇಳುತ್ತಿರುವುದಿಲ್ಲ. ಸಂಬಳವಿಲ್ಲದೆ, ತಮ್ಮ ರಜೆಯ ದಿನದಲ್ಲಿ, ಬೇರೆಯವರ ಅನುಕೂಲಕ್ಕೆ ಕೆಲಸ ಮಾಡಿದವರು ಅವರು. ‘ಇದು ತಪ್ಪು’ ಎಂಬ ಎರಡು ಪದ ಅವರನ್ನು ಯೋಜನೆಯಿಂದಲೇ ದೂರ ಮಾಡಬಲ್ಲದು. ಹಾಗೆ ಹೋದವರು ಹೋಗುತ್ತೇನೆ ಎಂದು ಹೇಳಿ ಹೋಗುವುದೂ ಇಲ್ಲ.

ಹೆಸರು ಕತ್ತರಿಸುವ ಪ್ಯಾಚಿಗೆ ನಾನು ಬರೆದದ್ದರ ಸಾರ ಇದು:

‘ಪ್ಯಾಚ್ ಕಳಿಸಿದ್ದಕ್ಕೆ ಧನ್ಯವಾದಗಳು. ನನ್ನ ಯಂತ್ರದಲ್ಲಿ ಓಡಿಸಿದೆ, ಪಟ್ಟಿಯ ಪುಟ ಈಗ ಸರಿಯಾಗಿ ನಿಲ್ಲುತ್ತದೆ. ಮರ್ಜ್‌ಗೆ ಮೊದಲು ಎರಡು ಸಂಗತಿ ಸರಿಯಾಗಬೇಕು. ಒಂದು, ಈ ಫಂಕ್ಷನ್ನನ್ನು ಎಕ್ಸ್‌ಪೋರ್ಟ್ ಭಾಗವೂ ಕರೆಯುತ್ತದೆ, ಅಲ್ಲಿ ಪೂರ್ತಿ ಹೆಸರು ಬೇಕು. ಕತ್ತರಿಸುವ ಕೆಲಸವನ್ನು ಪುಟ ತೋರಿಸುವ ಕಡೆಗೆ ಸರಿಸಿದರೆ ಹೇಗೆ? ಎರಡು, ಗುಣಿತಾಕ್ಷರವಿರುವ ಲಿಪಿಗಳಲ್ಲಿ 20ನೇ ಜಾಗ ಅಕ್ಷರದ ನಡುವೆ ಬೀಳಬಹುದು. ಕೆಳಗೆ ಕೊಟ್ಟ ಹೆಸರನ್ನು ಹಾಕಿ ನೋಡಿ, ಕೊನೆಯ ಗುಡಿಸು ಮಾಯವಾಗುತ್ತದೆ. ಗ್ರಾಫೀಮ್ (ಕಣ್ಣಿಗೆ ಒಂದಾಗಿ ಕಾಣುವ ಅಕ್ಷರ) ಲೆಕ್ಕದಲ್ಲಿ ಕತ್ತರಿಸುವ ಲೈಬ್ರರಿ ನಮ್ಮ ಯೋಜನೆಯಲ್ಲಿ ಆಗಲೇ ಇದೆ. ನಿಟ್: ವೇರಿಯಬಲ್ ಹೆಸರು ಇನ್ನೂ ಸ್ಪಷ್ಟವಿರಬಹುದಿತ್ತು, ಆದರೆ ಅದು ನಿಮ್ಮ ಇಷ್ಟ.’

ಏನನ್ನು ಪರೀಕ್ಷಿಸಿದೆ ಎಂದು ಮೊದಲೇ ಹೇಳಿದರೆ ನೀವು ನಿಜಕ್ಕೂ ಓದಿದ್ದೀರಿ ಎಂದು ಅವರಿಗೆ ತಿಳಿಯುತ್ತದೆ. ತೊಂದರೆಯನ್ನು ಅವರೂ ಮರುಸೃಷ್ಟಿಸಿ ನೋಡುವ ಹಾಗೆ ಉದಾಹರಣೆ ಕೊಡಿ. ಆಗಲೇಬೇಕಾದದ್ದನ್ನೂ ಆದರೆ ಒಳ್ಳೆಯದು ಎನ್ನುವಂಥದ್ದನ್ನೂ ಬೇರೆ ಬೇರೆ ಗುರುತಿಸಿ. ‘ನಿಟ್’ ಎಂಬ ಮುಂಪದ ಹುಟ್ಟಿರುವುದೇ ಅದಕ್ಕೆ: ಚಿಕ್ಕ ವಿಷಯ, ಬಿಟ್ಟರೂ ನಡೆಯುತ್ತದೆ. ಸ್ಪೇಸ್, ಸಾಲಿನ ಉದ್ದ, ಆವರಣ ಎಲ್ಲಿರಬೇಕು ಎಂಬುದನ್ನೆಲ್ಲ ಫಾರ್ಮ್ಯಾಟರ್‌ಗೆ ಬಿಡಿ. ಯಂತ್ರ ಹೇಳಬಹುದಾದ ಮಾತನ್ನು ಮನುಷ್ಯರು ಹೇಳಿದಾಗ ಅದು ಕಿರಿಕಿರಿ, ಯಂತ್ರ ಹೇಳಿದರೆ ಬರೀ ನಿಯಮ. ನಿಮಗೆ ಅರ್ಥವಾಗದ ಸಾಲಿದ್ದರೆ ‘ಇದು ಹೇಗೆ ಕೆಲಸ ಮಾಡುತ್ತದೆ, ತಿಳಿಯಲಿಲ್ಲ’ ಎಂದೇ ಬರೆಯಿರಿ, ಅದರಲ್ಲಿ ನಾಚಿಕೆಯಿಲ್ಲ. ನಿಮಗೆ ಇವತ್ತು ತಿಳಿಯದ ಕೋಡ್ ಆರು ತಿಂಗಳ ನಂತರ ಬರೆದವರಿಗೂ ತಿಳಿಯದು. ಅವರು ಉತ್ತರವನ್ನು ಟಿಪ್ಪಣಿಯಲ್ಲಿ ಕೊಟ್ಟರೆ, ಅದನ್ನು ಕೋಡಿನ ಕಾಮೆಂಟಿಗೆ ಸೇರಿಸಲು ಕೇಳಿಕೊಳ್ಳಿ. ರಿವ್ಯೂ ಪುಟವನ್ನು ಮುಂದೆ ಯಾರೂ ತೆರೆಯುವುದಿಲ್ಲ.

ಚೆನ್ನಾಗಿರುವುದನ್ನು ಕಂಡಾಗ ಅದನ್ನೂ ಹೇಳಿ. ‘ಈ ಲೂಪನ್ನು ತೆಗೆದುಹಾಕಿದ್ದು ತುಂಬಾ ಹಿಡಿಸಿತು’ ಎಂಬ ಒಂದು ಸಾಲು ಬರೆಯಲು ಅರ್ಧ ನಿಮಿಷ ಸಾಕು.

ಹಂತ 7: ತೀರ್ಪು, ಮತ್ತೆ ಎರಡನೇ ಸುತ್ತು

ನೀವು ಏನನ್ನು ನೋಡಿದಿರಿ, ಏನನ್ನು ನೋಡಿಲ್ಲ ಎಂದು ಒಪ್ಪಿಗೆಯ ಜೊತೆಗೇ ಬರೆಯಿರಿ: ‘ಪಾರ್ಸರ್ ಭಾಗ ಓದಿ ಓಡಿಸಿ ನೋಡಿದ್ದೇನೆ, ನೆಟ್‌ವರ್ಕ್ ಭಾಗ ನನಗೆ ಗೊತ್ತಿಲ್ಲ, ತಿಳಿದವರು ನೋಡಲಿ.’ ಬರಿಯ ‘ಎಲ್‌ಜಿಟಿಎಂ’ (ನನಗೆ ಸರಿ ಕಾಣುತ್ತದೆ) ಇದ್ದರೆ ಮೇಂಟೇನರ್ ಎಲ್ಲವೂ ಪರೀಕ್ಷೆಯಾಗಿದೆ ಎಂದುಕೊಳ್ಳುತ್ತಾರೆ. ಲಿನಕ್ಸ್ ಕರ್ನಲ್‌ನಲ್ಲಿ ಇದಕ್ಕೆ ಬೇರೆ ಬೇರೆ ಗುರುತುಗಳೇ ಇವೆ. ಓಡಿಸಿ ನೋಡಿದವರಿಗೆ ‘ಟೆಸ್ಟೆಡ್-ಬೈ’, ತಮ್ಮ ವಿಭಾಗದ ಮಟ್ಟಿಗೆ ಒಪ್ಪಿಗೆ ಸೂಚಿಸುವವರಿಗೆ ‘ಆಕ್ಡ್-ಬೈ’, ಪೂರ್ತಿ ಓದಿದವರಿಗೆ ‘ರಿವ್ಯೂಡ್-ಬೈ’. ಈ ಕೊನೆಯದನ್ನು ಹಾಕುವವರು, ತಾಂತ್ರಿಕವಾಗಿ ಪರಿಶೀಲಿಸಿದ್ದೇನೆ, ಕಂಡ ತೊಂದರೆಗಳನ್ನು ಬರೆದವರಿಗೆ ತಿಳಿಸಿದ್ದೇನೆ, ಇದು ಕರ್ನಲ್‌ಗೆ ಸೇರಲು ಯೋಗ್ಯ ಎಂದು ನಂಬಿದ್ದೇನೆ ಎಂದು ಹೇಳಿದಂತೆ. ದೋಷವೇ ಇಲ್ಲ ಎಂಬ ಖಾತ್ರಿಯನ್ನು ಆ ಗುರುತು ಕೊಡುವುದಿಲ್ಲ ಎಂದೂ ಕರ್ನಲ್‌ನ ದಾಖಲೆಯೇ ಹೇಳುತ್ತದೆ. ನಾನು ಬೇರೆ ಯೋಜನೆಗಳಲ್ಲೂ ಒಪ್ಪಿಗೆ ಬರೆಯುವಾಗ ಈ ಮಾತುಗಳನ್ನೇ ಮನಸ್ಸಿನಲ್ಲಿಟ್ಟುಕೊಳ್ಳುತ್ತೇನೆ.

ಎಲ್ಲವೂ ಪರಿಪೂರ್ಣವಾಗುವವರೆಗೆ ತಡೆಹಿಡಿಯಬೇಡಿ. ಈ ಬದಲಾವಣೆ ಸೇರಿದ ಮೇಲೆ ಯೋಜನೆ ಮೊದಲಿಗಿಂತ ಉತ್ತಮವಾಗಿರುತ್ತದೆಯೇ, ಹೊಸ ಅಪಾಯವೇನೂ ಬರುವುದಿಲ್ಲವೇ? ಹಾಗಿದ್ದರೆ ಒಪ್ಪಿ, ಉಳಿದದ್ದಕ್ಕೆ ಬೇರೆ ಇಷ್ಯೂ ತೆರೆಯಿರಿ. ಪಕ್ಕದ ಹಳೆಯ ಕೋಡನ್ನೂ ಇದೇ ಪ್ಯಾಚ್‌ನಲ್ಲಿ ಸರಿಮಾಡಿ ಎಂದು ಹೊರೆ ಹೊರಿಸುವುದು ನ್ಯಾಯವಲ್ಲ.

ತಿದ್ದಿದ ಕೋಡ್ ಬಂದಾಗ ಹಳೆಯ ಟಿಪ್ಪಣಿಗಳನ್ನು ಒಂದೊಂದಾಗಿ ತಾಳೆ ನೋಡಿ. ಬರೆದವರು ಕಮಿಟ್‌ಗಳನ್ನು ರಿಬೇಸ್ ಮಾಡಿ (ಹೊಸದಾಗಿ ಜೋಡಿಸಿ) ಫೋರ್ಸ್ ಪುಶ್ ಮಾಡಿದ್ದರೆ (ಹಳೆಯದರ ಮೇಲೆ ಹೇರಿದ್ದರೆ) ಏನು ಬದಲಾಯಿತೆಂದು ತಿಳಿಯುವುದು ಕಷ್ಟ. 2018ರಲ್ಲಿ ಗಿಟ್ 2.19ರೊಂದಿಗೆ ಬಂದ ರೇಂಜ್-ಡಿಫ್ ಆಜ್ಞೆ ಹಳೆಯ ಸರಣಿಯನ್ನೂ ಹೊಸ ಸರಣಿಯನ್ನೂ ಕಮಿಟ್‌ಗೆ ಕಮಿಟ್ ಹೋಲಿಸಿ ತೋರಿಸುತ್ತದೆ. ಒಪ್ಪಿಗೆ ಕೊಟ್ಟ ಮೇಲೆ ಹೊಸ ಕಮಿಟ್ ಸೇರಿದ್ದರೆ ಅದು ಹೊಸ ಕೋಡೇ, ಮತ್ತೆ ಓದಬೇಕು. ಎರಡನೇ ಸುತ್ತಿನಲ್ಲಿ ಮೊದಲ ಸಲವೇ ಹೇಳಬಹುದಾಗಿದ್ದ ಹೊಸ ತಕರಾರು ಎತ್ತಬೇಡಿ. ಎತ್ತಲೇಬೇಕಾದರೆ ‘ಮೊದಲೇ ಹೇಳಬೇಕಿತ್ತು, ಕ್ಷಮಿಸಿ’ ಎಂದು ಸೇರಿಸಿ. ನಿಮಗೆ ಸಮಯ ಸಿಗದಿದ್ದರೆ ಅದನ್ನೂ ತಿಳಿಸಿ; ‘ನನ್ನಿಂದ ಈ ವಾರ ಆಗದು, ಬೇರೆಯವರು ನೋಡಬಹುದು’ ಎಂದರೆ ಕಾಯುವವರು ಕಾಯುತ್ತಾ ಕೂರಬೇಕಿಲ್ಲ.

ಆ ವಿದ್ಯಾರ್ಥಿಯ ತಿದ್ದಿದ ಪ್ಯಾಚ್ ಮೂರನೇ ದಿನ ಬಂತು. ಕತ್ತರಿಸುವ ಕೋಡ್ ಪುಟದ ಕಡೆಗೆ ಸರಿದಿತ್ತು, ಗ್ರಾಫೀಮ್ ಲೈಬ್ರರಿ ಬಳಸಿದ್ದರು. ನಾನು ಕೊಟ್ಟ ಹೆಸರಿನ ಟೆಸ್ಟ್ ಇತ್ತು. ಒತ್ತಕ್ಷರದ ವಿಷಯದಲ್ಲಿ ಇಂಥ ಲೈಬ್ರರಿಗಳು ಎಲ್ಲ ಲಿಪಿಗಳಲ್ಲೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲವೆಂದು ತಾವಾಗಿಯೇ ಕಂಡುಕೊಂಡು, ‘ಕ್ಷ’ ಇರುವ ಹೆಸರಿಗೂ ಒಂದು ಟೆಸ್ಟ್ ಬರೆದು, ಈಗಿನ ವರ್ತನೆ ಏನೆಂದು ಕಾಮೆಂಟ್ ಹಾಕಿದ್ದರು. ಅದರ ಕೆಳಗೆ, ನನಗೆ ಹೊಳೆದೇ ಇರದ ಇನ್ನೊಂದು ಟೆಸ್ಟ್: ಅಪ್ಪ, ಅಮ್ಮ, ಮಗಳು ಇರುವ ಕುಟುಂಬದ ಎಮೋಜಿ. ನೋಡಲು ಒಂದೇ ಚಿತ್ರ, ಒಳಗೆ 5 ಕೋಡ್‌ಪಾಯಿಂಟ್. ಅವರ ಮೊದಲ ಪ್ಯಾಚಿನ ಮೇಲೆ ಓಡಿಸಿದೆ. ಕತ್ತರಿ ನಡುವೆ ಬಿದ್ದು ಮಗಳು ಮಾಯವಾಗಿದ್ದಳು. ಹೊಸದರ ಮೇಲೆ ಓಡಿಸಿದೆ, ಮೂವರೂ ಇದ್ದರು. ಮರ್ಜ್ ಮಾಡಿದೆ.